ಹಿತ್ತಲ ಖೋಲಿಗಳಿಗೆ ನಾವು ಕೊಟ್ಟ ನೀರು

ಬನಹಟ್ಟಿಯ ನಮ್ಮ ಮನೆಯಲ್ಲಿ ಯಾರಾದರೂ ಮೆಲ್ಲಗೆ ಮಾತನಾಡಿದ್ದು ನನಗೆ ನೆನಪಿಲ್ಲ. ಪಡಸಾಲೆಯ ಗೋಡೆಯ ಆಚೆಗೇ ಮಗ್ಗದ ಕೋಣೆ. ಅದರಲ್ಲಿ ಆರು ವಿದ್ಯುತ್ ಮಗ್ಗಗಳು. ಕರೆಂಟು ಇರುವಷ್ಟು ಹೊತ್ತು ಅವು ಬಡಿಯುತ್ತಲೇ ಇರುತ್ತಿದ್ದವು. ಉಪ್ಪು ಬೇಕೆಂದರೂ ಕೂಗಬೇಕು, ತಲೆ ನೋಯುತ್ತಿದೆ ಎಂದರೂ ಕೂಗಬೇಕು. ರಬಕವಿಯಿಂದ ಬರುತ್ತಿದ್ದ ನನ್ನ ಸೋದರತ್ತೆ ಇನ್ನೂ ಕೈಮಗ್ಗವೇ ಇದ್ದ ಮನೆಯವಳು. ಎರಡು ದಿನ ಇದ್ದು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ತಿರುಗಿ ಹೋಗುತ್ತಿದ್ದಳು. ನಮಗೆ ಮಾತ್ರ ಆ ಸದ್ದು ನಿಂತಾಗಲೇ ಭಯ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಏನಾಯಿತೆಂದು ನೋಡುತ್ತಿದ್ದಳು. ಅಪ್ಪ ಊಟಕ್ಕೆ ಕೂತಿದ್ದರೆ ರೊಟ್ಟಿ ಮುರಿಯುವ ಕೈ ಅಲ್ಲೇ ನಿಲ್ಲುತ್ತಿತ್ತು. ಆಯಿ, ಅಂದರೆ ಅಪ್ಪನ ತಾಯಿ, ಆ ಮನೆಗೆ ಸೊಸೆಯಾಗಿ ಬಂದಾಗ ಇದ್ದದ್ದು ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವ ಎರಡೇ ಕುಣಿ ಮಗ್ಗವಂತೆ. ಮಗ್ಗದ ಮುಂದೆ ಕೂತೇ ಗಂಡ ಹೆಂಡತಿ ಮಾತನಾಡಿಕೊಳ್ಳಬಹುದಿತ್ತಂತೆ. ಅದನ್ನು ಆಯಿ ಹೇಳುವಾಗಲೂ ಕೂಗಿಯೇ ಹೇಳುತ್ತಿದ್ದಳು.

ನಮ್ಮ ಓಣಿಯಲ್ಲಿ ಒಂದೊಂದಾಗಿ ಎಲ್ಲ ಮನೆಗಳಿಗೂ ವಿದ್ಯುತ್ ಮಗ್ಗ ಬಂತು. ಮಗ್ಗ ಬಂದ ಮೇಲೆ ಮನೆಯವರ ಕೈ ಸಾಲಲಿಲ್ಲ. ಮೊದಮೊದಲು ಕೆಲಸದವರು ಚಿಮ್ಮಡದಂಥ ಹತ್ತಿರದ ಊರುಗಳಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ತಿರುಗಿ ಹೋಗುತ್ತಿದ್ದರು. ಆಮೇಲೆ ಬೀಳಗಿ ಕಡೆಯವರು ಬರತೊಡಗಿದರು. ಅವರು ತಿರುಗಿ ಹೋಗುವವರಲ್ಲ. ಕೃಷ್ಣೆಯ ಹಿನ್ನೀರಿಗೆ ಅವರ ಹೊಲ ಹೋಗುವುದಿತ್ತು, ಕೆಲವರದು ಹೋಗಿಯೇ ಬಿಟ್ಟಿತ್ತು. ಹಾಸಿಗೆ, ಹಿಟ್ಟಿನ ಡಬ್ಬಿ, ಬೀಸುಕಲ್ಲು, ಮುದುಕರು, ಕೂಸುಗಳ ಸಮೇತ ಬಂದು ಇಳಿಯುತ್ತಿದ್ದರು. ಗುಡಿಯ ಕಟ್ಟೆ, ನೂಲಿನ ಗೋದಾಮಿನ ಮುಂದಿನ ತಗಡಿನ ನೆರಳು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಒಲೆ ಹೂಡುತ್ತಿದ್ದರು. ಊರು ಅವರಿಗಾಗಿ ತಯಾರಾಗಿರಲಿಲ್ಲ. ಆದರೆ ಮಗ್ಗಗಳಿಗೆ ಅವರು ಬೇಕಾಗಿದ್ದರು. ಹೀಗಾಗಿ ಒಂದು ಬೇಸಿಗೆಯಲ್ಲಿ ಅಪ್ಪ ನಮ್ಮ ಹಿತ್ತಲಿನ ಬೆಂಡೆ, ಬದನೆ, ಕರಿಬೇವು ಎಲ್ಲ ಕೀಳಿಸಿ, ದನದ ಕೊಟ್ಟಿಗೆ ಒಡೆಸಿ, ಎಂಟು ತಗಡಿನ ಖೋಲಿ ಕಟ್ಟಿಸಲು ನಿಂತ. ಮನೆಯಲ್ಲಿ ಆಯಿ ಮೂರು ದಿನ ಜಗಳ ತೆಗೆದಳು.

"ಹಿತ್ತಲಾ ತುಂಬಿಸಿಬಿಟ್ರ ಮನಿ ಉಸರ ಹೆಂಗ ಆಡಬೇಕೋ?"

"ಮಂದಿ ಬರಾಕತ್ತಾರಬೇ ಯವ್ವಾ. ಅವರನ್ನ ಎಲ್ಲಿ ಇಡ್ಲಿ, ನನ್ನ ತಲಿ ಮ್ಯಾಲ?"

"ಇಡೂದಾದ್ರ ಮಂದಿ ಇರೂವಂಗ ಇಡು."

ಅಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಹೇಳುವುದನ್ನು ಓದಿದವರು ಅವನ ಮೇಲೆ ಎಲ್ಲವನ್ನೂ ಹಾಕಿ ನನ್ನನ್ನು ಬಿಟ್ಟುಬಿಡಬಹುದು. ಅವನು ಮಗ್ಗದವರ ಜತೆಯಲ್ಲೇ ಕೂತು ಝುಣಕ ರೊಟ್ಟಿ ತಿನ್ನುತ್ತಿದ್ದ. ಯಾರ ಮಗುವಿಗೆ ಜ್ವರ ಬಂದರೂ ತಾನೇ ಸೈಕಲ್ ಮೇಲೆ ದವಾಖಾನೆಗೆ ಕರೆದುಕೊಂಡು ಹೋಗುತ್ತಿದ್ದ.

ಮೊದಲನೆಯ ಖೋಲಿಗೆ ಬಂದವರು ಸಂಗಪ್ಪಜ್ಜನ ಮನೆಯವರು. ಅಜ್ಜ, ಅವನ ಮಗ, ಸೊಸೆ ಶಾಂತವ್ವ, ಮೊಮ್ಮಗಳು ಮಾದೇವಿ. ಮಗ ನಮ್ಮ ಮಗ್ಗದ ಕೆಲಸಕ್ಕೆ ನಿಂತ. ಶಾಂತವ್ವ ಬಾಗಿಲಲ್ಲಿ ಕೂತು ರಾಟೆಯ ಮೇಲೆ ನೂಲು ಸುತ್ತುತ್ತಿದ್ದಳು. ಮಾದೇವಿ ನನ್ನ ವಯಸ್ಸಿನವಳೇ, ಹನ್ನೊಂದು. ನನ್ನದೇ ಸಾಲೆಗೆ ಸೇರಿದಳು. ಇಬ್ಬರೂ ಒಂದೇ ಹಲಗೆಯ ಮೇಲೆ ಕೂರುತ್ತಿದ್ದೆವು, ಒಂದೇ ಚೀಲದಲ್ಲಿ ಶೇಂಗಾ ಇಟ್ಟುಕೊಂಡು ತಿನ್ನುತ್ತ ಬರುತ್ತಿದ್ದೆವು. ಮನೆ ಹತ್ತಿರ ಬಂದಾಗ ನಾನು ಮುಂಬಾಗಿಲಿಗೆ, ಅವಳು ಪಕ್ಕದ ಸಂದಿಗೆ. ಅವಳನ್ನು ಒಳಗೆ ಬಾ ಎಂದು ನಮ್ಮ ಮನೆಯಲ್ಲಿ ಯಾರೂ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಅವಳು ಬರಲಿಲ್ಲ. ಅದು ಏಕೆಂದು ನಾನು ಯೋಚಿಸಲೂ ಇಲ್ಲ.

ಸಂಗಪ್ಪಜ್ಜ ತನ್ನ ಸೀಮೆಯಲ್ಲಿ ಬಾವಿ ತೋಡುವುದರಲ್ಲಿ ಹೆಸರಾದವನು. ನೆಲ ತುಳಿದು ನೋಡಿ ಎಲ್ಲಿ ಕಲ್ಲು, ಎಲ್ಲಿ ಸೆಲೆ ಎಂದು ಹೇಳುತ್ತಿದ್ದನಂತೆ. ತಾನು ತೋಡಿದ ಬಾವಿಗಳ ಹೆಸರನ್ನು ನಮಗಿಬ್ಬರಿಗೂ ಒಂದೊಂದಾಗಿ ಹೇಳುತ್ತಿದ್ದ. ಹಿರೇಬಾವಿ, ಹುಣಸೀಬಾವಿ, ಗೌಡರ ಬಾವಿ, ಹುಚ್ಚವ್ವನ ಬಾವಿ. ಎಲ್ಲವೂ ನದಿ ನೀರಿನ ಕೆಳಗೆ. "ಬಾವಿ ಮುಳುಗಿದ್ದ ಎಲ್ಲ್ಯಾರ ಕೇಳೀರೇನ?" ಎಂದು ತಾನೇ ನಗುತ್ತಿದ್ದ. ನಮ್ಮಲ್ಲಿ ಅವನಿಗೆ ಕೆಲಸವಿರಲಿಲ್ಲ. ನಮ್ಮ ಹಿತ್ತಲ ಬಾವಿಯ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದ.

ಖೋಲಿಗಳನ್ನು ಕಟ್ಟಿಸುವಾಗ ಸಂಡಾಸದ ಮಾತು ಯಾರೂ ಎತ್ತಿರಲಿಲ್ಲ. ಊರ ಹೊರಗೆ ಹೊಲಗಳಿದ್ದವು, ಎಲ್ಲರೂ ಅಲ್ಲಿಗೇ ಹೋಗುವುದು. ಆದರೆ ಒಂದೇ ವರ್ಷದಲ್ಲಿ ಆ ಹೊಲಗಳಿಗೆ ಬಿಳಿ ಕಲ್ಲು ನೆಟ್ಟು ಪ್ಲಾಟು ಹಾಕಿದರು. ಆಚೆ ಕಡೆಯೂ ಮನೆ ಎದ್ದವು. ಹೆಂಗಸರು ಎಲ್ಲಿಗೆ ಹೋಗಬೇಕು? ಶಾಂತವ್ವ ಮತ್ತು ಉಳಿದವರು ಬಂದು ಅವ್ವನ ಮುಂದೆ ಕಣ್ಣೀರು ಹಾಕಿದರು. ಅವ್ವ ಅಪ್ಪನ ಬೆನ್ನು ಹತ್ತಿ ಸಂಡಾಸ ಕಟ್ಟಿಸಲು ಒಪ್ಪಿಸಿದಳು. ಕುಣಿ ತೋಡುವ ದಿನ ನಾನೂ ಮಾದೇವಿಯೂ ನೋಡುತ್ತ ನಿಂತಿದ್ದೆವು. ಆಳುಗಳು ಮೊದಲ ಗುದ್ದಲಿ ಹಾಕಿದಾಗ ಸಂಗಪ್ಪಜ್ಜ ಕಟ್ಟೆಯಿಂದ ಎದ್ದು ಬಂದ.

"ಮಾಲಕ್ರ, ಕುಣಿ ಇಲ್ಲಿ ಬ್ಯಾಡ್ರಿ. ನೆಲದ ಇಳಕಲ ಬಾವಿ ಕಡಿಗೆ ಐತಿ. ತೆಳಗ, ಆ ಗ್ವಾಡಿ ಹಂತ್ಯಾಕ ತಗಸ್ರಿ."

"ಅಲ್ಲಿ ಮುಂದ ಮಗ್ಗದ ಶೆಡ್ ಹಾಕೂದೈತಿ ಅಜ್ಜಾ. ಇಲ್ಲೇ ಒಂದೀಟ ಆಳ ತಗಸಿದ್ರ ಆತು."

"ಆಳ ತಗದಷ್ಟೂ ಬಾವಿಗೆ ಹಂತ್ಯಾಕ ಆಕ್ಕೈತ್ರಿ, ದೂರ ಆಗೂದಿಲ್ಲ."

ಆಳುಗಳು ನಕ್ಕರು. ಅಪ್ಪನೂ ನಕ್ಕ. "ಇದೇನ ನಿಮ್ಮ ಹಳ್ಳಿ ಅಲ್ಲಪಾ," ಎಂದ. ನಾನೂ ನಕ್ಕೆ. ಪಕ್ಕದಲ್ಲಿದ್ದ ಮಾದೇವಿ ನನ್ನ ಮುಖ ನೋಡಿದಳು. ಅಜ್ಜ ತಿರುಗಿ ಹೋಗಿ ಕಟ್ಟೆಯ ಮೇಲೆ ಕೂತ.

ಅದೇ ವರ್ಷ ನಮ್ಮ ಓಣಿಗೆ ನಳ ಬಂತು. ಪೈಪು ರಸ್ತೆಯ ಮುಂದಿನ ಮನೆಗಳಿಗೆ ಮಾತ್ರ. ಹಿತ್ತಲ ಖೋಲಿಗಳು ಯಾವ ನಕಾಶೆಯಲ್ಲೂ ಇರಲಿಲ್ಲ. ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದ ದಿನ ನಾನು ತಾಮ್ರದ ಹಂಡೆ, ಸ್ಟೀಲಿನ ಕೊಡ, ಡಬ್ಬಿ ಎಲ್ಲ ತುಂಬಿಸಬೇಕು. ನಾವು ಬಾವಿಯ ನೀರು ಕುಡಿಯುವುದನ್ನು ಬಿಟ್ಟೆವು. ಯಾರೂ ಕೂತು ತೀರ್ಮಾನ ಮಾಡಲಿಲ್ಲ, ತಾನಾಗಿ ಹಾಗಾಯಿತು. ಬಾವಿ ಖೋಲಿಯವರ ಪಾಲಾಯಿತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಆಯಿ ಎಂದಿನಂತೆ ಹಿತ್ತಲಿಗೆ ಹೋಗಿ ಬಾವಿಗೆ ಕುಂಕುಮ ಹಚ್ಚಿ, ಎಡೆ ತೋರಿಸಿ ಬಂದಳು. ಆದರೆ ಹಂಡೆ ತುಂಬಿದ್ದು ನಳದಿಂದ.

ಮರುವರ್ಷ ಮಳೆ ಜೋರಾಗಿ ಬಂತು. ಒಂದು ವಾರ ಹಿಡಿದು ಸುರಿಯಿತು. ಬಟ್ಟೆ ಒಗೆಯಲು ಸೇದಿದ ಬಾವಿ ನೀರನ್ನು ಆಯಿ ಮೂಗಿನ ಹತ್ತಿರ ಹಿಡಿದು ನೋಡಿ ಚೆಲ್ಲಿಬಿಟ್ಟಳು. "ನೀರ ನಾರಾಕತ್ತೈತಿ," ಎಂದು ಅಪ್ಪನಿಗೆ ಹೇಳಿದಳು. ಮಳೆ ನಿಂತರೆ ತಿಳಿಯಾಗುತ್ತದೆ ಎಂದ ಅಪ್ಪ. ಆಮೇಲೆ ನಾಲ್ಕನೆಯ ಖೋಲಿಯಲ್ಲಿ ಒಬ್ಬರಿಗೆ ವಾಂತಿ ಭೇದಿ ಶುರುವಾಯಿತು, ಆರನೆಯದರಲ್ಲಿ ಇಬ್ಬರಿಗೆ. ಓಣಿಯ ಬೇರೆ ಬೇರೆ ಹಿತ್ತಲುಗಳಿಂದಲೂ ಅದೇ ಸುದ್ದಿ ಬರತೊಡಗಿತು. ಒಂದು ಸಂಜೆ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಅಡುಗೆಮನೆಯಲ್ಲಿ ಅಪ್ಪ ಅವ್ವ ಮಾತನಾಡುತ್ತಿದ್ದದ್ದು ಪಡಸಾಲೆಗೆ ಸ್ಪಷ್ಟ ಕೇಳಿತು.

"ಅವರಿಗೂ ನಳದ ನೀರ ಕೊಡೂಣ್ರಿ. ಆ ಬಾವೀದ ಕುಡಿಯೂದ ಬ್ಯಾಡ."

"ಎಂಟ ಮನಿಗೆ ಸಾಲತೈತೇನ ಆ ನೀರ? ನಾಳೆ ಆರೋಗ್ಯ ಖಾತೆಯವರ ಬರ್ತಾರಂತ. ಬಾವಿ ಮುಚ್ಚಸ್ರಿ ಅಂದ್ರ, ಖೋಲಿ ಖಾಲಿ ಮಾಡಸ್ರಿ ಅಂದ್ರ ಏನ ಮಾಡ್ಲಿ? ಆರೂ ಮಗ್ಗ ನಿಲ್ತಾವ."

ಅವ್ವ ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅಪ್ಪ ಹೊರಗೆ ಬಂದ. ನನ್ನನ್ನು ಕಂಡು ಪಕ್ಕದಲ್ಲಿ ಕೂತ. ಸಾಲೆಯ ಭಾಷಣ ಸ್ಪರ್ಧೆಯಲ್ಲಿ ನನಗೆ ಬಹುಮಾನ ಬರುತ್ತಿತ್ತು. ಹೆದರದೆ, ತೊದಲದೆ ಮಾತನಾಡುವ ಹುಡುಗಿ ಎಂದು ಅಪ್ಪನಿಗೆ ಹೆಮ್ಮೆ.

"ಕಸ್ತೂರಿ, ನಾಳೆ ನಾ ಮನ್ಯಾಗ ಇರೂದಿಲ್ಲ. ಯಾರರ ಬಂದು ಕೇಳಿದ್ರ, ಬಾವಿ ನೀರ ಬರೇ ಅರಬಿ ಒಗಿಯಾಕ ಅನ್ನು. ಸಣ್ಣವರ ಮಾತ ನಂಬತಾರ."

ಆ ಕೊನೆಯ ಮಾತಿನ ಅರ್ಥ ನನಗೆ ಚೆನ್ನಾಗಿಯೇ ತಿಳಿಯಿತು. ನನಗೆ ಹನ್ನೆರಡು ತುಂಬಿತ್ತು. ಏನೂ ತಿಳಿಯದ ಮಗು ಎಂದು ಬರೆದುಕೊಳ್ಳಲು ಈಗ ಸುಲಭ, ಆದರೆ ಅದು ಸುಳ್ಳಾಗುತ್ತದೆ. ಕುಣಿ ತೋಡುವಾಗ ಅಜ್ಜ ಹೇಳಿದ್ದು ನೆನಪಿತ್ತು. ನೀರು ನಾರುತ್ತಿದ್ದದ್ದು ಗೊತ್ತಿತ್ತು. ಮಾದೇವಿ ದಿನಾ ಬೆಳಿಗ್ಗೆ ಅದೇ ನೀರು ಕುಡಿದು ಸಾಲೆಗೆ ಬರುತ್ತಾಳೆ ಎಂಬುದೂ ಗೊತ್ತಿತ್ತು. ಆದರೂ ಅಪ್ಪ ಇಷ್ಟು ದೊಡ್ಡ ಕೆಲಸವನ್ನು ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣನಿಗೆ ಹೇಳದೆ ನನಗೆ ಹೇಳಿದನಲ್ಲ ಎಂದು ಎದೆ ಉಬ್ಬಿತು.

ಮರುದಿನ ಶನಿವಾರ, ಅರ್ಧ ದಿನದ ಸಾಲೆ. ಮನೆಗೆ ಬಂದು ಚೀಲ ಇಡುವಷ್ಟರಲ್ಲಿ ಒಬ್ಬ ಸಾಹೇಬರು ಸಂದಿಯಿಂದ ಹಿತ್ತಲಿಗೆ ಹೋಗಿದ್ದರು. ಬಿಳಿ ಅಂಗಿ, ಕೈಯಲ್ಲಿ ಹಾಳೆ ಸಿಗಿಸಿದ ರಟ್ಟು. ದೊಡ್ಡವರೆಲ್ಲ ಮಗ್ಗದ ಕೆಲಸದಲ್ಲಿ. ಬಾವಿಯ ಹತ್ತಿರ ಆಯಿ, ಕಟ್ಟೆಯ ಮೇಲೆ ಸಂಗಪ್ಪಜ್ಜ, ಹಗ್ಗ ಹಿಡಿದು ನಿಂತ ಮಾದೇವಿ. ಅವಳ ಕೊಡ ಆಗಲೇ ಅರ್ಧ ತುಂಬಿತ್ತು. ಸಾಹೇಬರು ಕೇಳಿದ್ದು ಆಯಿಗೆ ಕೇಳಿಸಲಿಲ್ಲ. ಮಗ್ಗದ ಸದ್ದಿಗೆ ಅವಳ ಕಿವಿ ಎಂದೋ ಮಂದವಾಗಿತ್ತು. ನಾನು ಮುಂದೆ ಹೋಗಿ ನಿಂತೆ.

"ಈ ಬಾವಿ ನೀರ ಯಾರರ ಕುಡೀತಾರೇನವಾ?"

"ಇಲ್ರಿ. ಅರಬಿ ಒಗಿಯಾಕ ಅಷ್ಟರಿ."

"ಈ ಖೋಲಿಯವರು? ಇವರ ಕುಡಿಯಾಕ ಎಲ್ಲಿದ ತರ್ತಾರ?"

ಅಪ್ಪ ಇದನ್ನು ಹೇಳಿಕೊಟ್ಟಿರಲಿಲ್ಲ. "ನಮ್ಮ ನಳದಾಗಿಂದ ನಾವ ಕೊಡ್ತೇವ್ರಿ," ಎಂದೆ. ಈ ಎರಡನೆಯ ಸುಳ್ಳು ಪೂರ್ತಿ ನನ್ನದೇ.

ಸಾಹೇಬರು ಮಾದೇವಿಯ ಕೊಡವನ್ನು ನೋಡಿದರು. ಆಮೇಲೆ ಅಜ್ಜನ ಕಡೆ ತಿರುಗಿದರು.

"ಏನಜ್ಜಾ, ಹುಡುಗಿ ಹೇಳೂದು ಖರೇನ?"

ಸಂಗಪ್ಪಜ್ಜ ನನ್ನನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ನಾನು ಮರೆತಿರುತ್ತಿದ್ದೆನೋ ಏನೋ. ಹಾಗೆ ನೋಡಲಿಲ್ಲ. ಮೊಮ್ಮಗಳು ತಪ್ಪು ಲೆಕ್ಕ ಮಾಡಿದಾಗ ನೋಡುವಂತೆ ನೋಡಿದ.

"ಹೌದ್ರಿ ಸಾಹೇಬ್ರ. ಹುಡುಗಿ ಹೇಳಿದ್ದ ಖರೆ," ಎಂದ.

ಅವರು ಏನೋ ಬರೆದುಕೊಂಡರು. ಏನೇ ಕುಡಿದರೂ ಕಾಯಿಸಿ ಕುಡಿಯಿರಿ ಎಂದು ಹೇಳಿ ಮುಂದಿನ ಮನೆಗೆ ಹೋದರು. ಎರಡು ಕೊಡ ನೀರು ಕಾಯಿಸುವಷ್ಟು ಕಟ್ಟಿಗೆ ಆ ಖೋಲಿಗಳಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮಾದೇವಿ ಇನ್ನೊಂದು ಸಲ ಸೇದಿ ಕೊಡ ತುಂಬಿಸಿಕೊಂಡು, ನನ್ನ ಪಕ್ಕದಿಂದಲೇ ಹಾದು ಖೋಲಿಗೆ ಹೋದಳು. ಸಂಜೆ ಅಪ್ಪ ನನ್ನ ತಲೆ ಸವರಿ, "ಶ್ಯಾಣ್ಯಾಕಿ ಅದಿ ನೀ," ಎಂದ. ಅವತ್ತು ನಾನು ಎಂದಿಗಿಂತ ಒಂದು ರೊಟ್ಟಿ ಹೆಚ್ಚು ತಿಂದೆ.

ನಾಲ್ಕು ದಿನಕ್ಕೆ ಸಂಗಪ್ಪಜ್ಜನಿಗೆ ಶುರುವಾಯಿತು. ಬೆಳಗಿನಿಂದ ಮಧ್ಯಾಹ್ನದೊಳಗೆ ಅವನ ಕಣ್ಣು ಒಳಗೆ ಹೋಗಿಬಿಟ್ಟವು. ಅಪ್ಪ ಓಡಾಡಿ ಒಂದು ಟೆಂಪೋ ತಂದ, ತಾನೇ ಅಜ್ಜನನ್ನು ಎತ್ತಿ ಮಲಗಿಸಿದ, ಜತೆಗೆ ಹೋದ. ಜಮಖಂಡಿಯ ದವಾಖಾನೆ ಮುಟ್ಟುವ ಮೊದಲೇ ಅಜ್ಜ ಹೋಗಿಬಿಟ್ಟ. ಟೆಂಪೋ ತಿರುಗಿ ಬಂದಾಗ ಅಪ್ಪನೇ ಒಳಗೆ ಹೋಗಿ ಮಗ್ಗಗಳನ್ನು ನಿಲ್ಲಿಸಿದ. ಶಾಂತವ್ವ ಅಳುವುದು ಇಡೀ ಮನೆಗೆ ಕೇಳುತ್ತಿತ್ತು. ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ಆಯಿ ಅವನ ಎದುರಿಗೆ ಬಂದು ನಿಂತು, ಕೂಗದೆ, ಸಣ್ಣ ದನಿಯಲ್ಲಿ ಹೇಳಿದಳು:

"ಆ ಮುದುಕಾ ನೆಲದ ಮಾತ ಹೇಳಿದ್ದ. ನೀ ನಕ್ಕಿ."

ನಾನು ಬಾಗಿಲ ಹಿಂದೆ ಇದ್ದೆ. ನಾನೂ ನಕ್ಕಿದ್ದೆ ಎಂದು ಆಯಿಗೆ ಗೊತ್ತಿರಲಿಲ್ಲ.

ಒಂದು ವಾರದೊಳಗೆ ಹಳೆಯ ಕುಣಿ ಮುಚ್ಚಿತು. ಕೆಳಗೆ, ಗೋಡೆಯ ಹತ್ತಿರ, ಅಜ್ಜ ತೋರಿಸಿದ್ದ ಜಾಗದಲ್ಲೇ ಹೊಸದು ಆಯಿತು. ಬಾವಿಯ ನೀರನ್ನೆಲ್ಲ ಪಂಪು ಹಚ್ಚಿ ಹೊರಹಾಕಿ ಔಷಧ ಹಾಕಿದರು. ಅಪ್ಪ ತಾನೇ ಓಡಾಡಿ ಸಂದಿಯಲ್ಲಿ ಖೋಲಿಯವರಿಗೂ ಒಂದು ನಳ ಹಾಕಿಸಿದ. ಆಗುವುದಿಲ್ಲ ಎಂದಿದ್ದದ್ದೆಲ್ಲ ಆಯಿತು. ಮಗ್ಗದ ಶೆಡ್ಡನ್ನು ಬೇರೆ ಕಡೆ ಹಾಕಿಕೊಂಡೆವು. ಒಂದು ಮಗ್ಗವೂ ನಿಲ್ಲಲಿಲ್ಲ. ಅದನ್ನು ನೆನೆದಾಗಲೇ ನನಗೆ ಹೆಚ್ಚು ನಾಚಿಕೆಯಾಗುವುದು. ಅಪ್ಪ ಬದುಕಿರುವವರೆಗೂ ನಾವಿಬ್ಬರೂ ಆ ಶನಿವಾರದ ಮಾತು ಎತ್ತಲಿಲ್ಲ. ಎರಡು ವರ್ಷದ ಮೇಲೆ ಮಾದೇವಿಯ ಮನೆಯವರಿಗೆ ಬೀಳಗಿ ಕಡೆ ಪುನರ್ವಸತಿಯ ಪ್ಲಾಟು ಸಿಕ್ಕಿತು, ಅವರು ಹೊರಟುಹೋದರು. ಆ ಎರಡು ವರ್ಷವೂ ನಾವು ಸಾಲೆಗೆ ಹೋಗಿದ್ದು ಬೇರೆ ಬೇರೆ ಹೊತ್ತಿಗೆ.

ನಾನು ಓದಿ ಮಾಸ್ತರಿಕೆ ಹಿಡಿದೆ. ಮುಧೋಳದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ. ನಗರಗಳು ಬೆಳೆಯುವುದರ ಪಾಠವನ್ನು ಪ್ರತಿವರ್ಷ ಮಾಡುತ್ತೇನೆ. ಬೋರ್ಡಿನ ಮೇಲೆ ಮೂರು ಗೆರೆ ಎಳೆದು ಕಾರಣಗಳು, ಪರಿಣಾಮಗಳು, ಪರಿಹಾರಗಳು ಎಂದು ಬರೆಯುತ್ತೇನೆ. ಪರಿಣಾಮಗಳ ಕೆಳಗೆ "ಕುಡಿಯುವ ನೀರು ಕೆಡುವುದು" ಎಂದು ಬರೆಯುವಾಗ ಮಕ್ಕಳ ಕಡೆಗೆ ಬೆನ್ನಿರುವುದು ಒಳ್ಳೆಯದಾಯಿತು ಎನ್ನಿಸುತ್ತದೆ. ಹೋದ ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು:

"ಟೀಚರ್, ನಿಮ್ಮೂರಾಗೂ ಹಿಂಗ ಆಗಿತ್ತೇನ್ರಿ?"

"ಇಲ್ಲ," ಎಂದೆ. ಅದೇ ಹಳೆಯ ವೇಗದಲ್ಲಿ, ತೊದಲದೆ.

ಆ ಭಾನುವಾರ ಬೀಳಗಿಗೆ ಬಸ್ಸು ಹತ್ತಿದೆ. ಮಾದೇವಿ ಅಲ್ಲೇ ಇದ್ದಾಳೆಂದು ಅಲ್ಲಿಯವರೇ ಆದ ನಮ್ಮ ಸಾಲೆಯ ಗುಮಾಸ್ತರು ಹೇಳಿದ್ದರು. ಪುನರ್ವಸತಿ ಕಾಲೊನಿಯಲ್ಲಿ ಅವಳದೊಂದು ಸಣ್ಣ ಕಿರಾಣಿ ಅಂಗಡಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಎರಡು ಕ್ಷಣ ನೋಡಿ ಗುರುತು ಹಿಡಿದಳು. "ಬರ್ರಿ, ಕೂಡ್ರಿ, ಎಷ್ಟ ವರ್ಷ ಆತ್ರಿ," ಎಂದು ಖುರ್ಚಿ ಒರೆಸಿ ಕೊಟ್ಟಳು, ಚಹಾ ತಂದಳು. ನನಗೆ 'ನೀವು' ಎನ್ನುತ್ತಿದ್ದಳು. ನಾನು ಚಹಾ ಕೆಳಗಿಟ್ಟು, ಅವತ್ತು ಸಾಹೇಬರಿಗೆ ಹೇಳಿದ ಎರಡೂ ಸುಳ್ಳುಗಳನ್ನು ಬಾಯಿಬಿಟ್ಟು ಹೇಳಿದೆ. ಅಜ್ಜನ ಸಾವಿಗೆ ನಾನೂ ಕಾರಣ ಎಂದೆ.

"ಗೊತ್ತೈತ್ರಿ. ನಾ ಅಲ್ಲೇ ನಿಂತಿದ್ನಲ್ಲ," ಎಂದಳು ಅವಳು. "ಅಜ್ಜಾನೂ ಸುಳ್ಳ ಹೇಳಿದ. ಅವತ್ತ ಖೋಲಿಗೆ ಬಂದು ಅವ್ವಗ ಅಂದ, ಖರೆ ಹೇಳಿದ್ರ ಹೊರಗ ಹಾಕ್ತಿದ್ರು, ಊರ ಒಮ್ಮಿ ಮುಳುಗೇತಿ, ಮತ್ತೆಲ್ಲಿಗೆ ಹೋಗೂದು ಅಂತ. ಅದಕ್ಕ ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ."

ನನಗೆ ಹಗುರಾಯಿತು. ಹಗುರಾಯಿತು ಎಂಬುದನ್ನೂ ಇಲ್ಲಿ ಬರೆಯಬೇಕು. ಚಹಾದ ಕಪ್ಪು ಎತ್ತಿಕೊಂಡೆ. ಒಂದು ಮಗು ಬಂದು ಬಿಸ್ಕೀಟು ಕೇಳಿತು. ಮಾದೇವಿ ಎದ್ದು ಕೊಟ್ಟು ಬಂದು ಕೂತಳು. ಮತ್ತೆ ಮಾತನಾಡಿದಾಗ ಬೇರೆ ಕಡೆ ನೋಡುತ್ತಿದ್ದಳು.

"ಇನ್ನೊಂದಕ್ಕ ಐತಿ ಸಿಟ್ಟ. ಅಜ್ಜನ ಹೆಣಾ ಟೆಂಪೋದಿಂದ ಇಳಿಸಿದ ಮ್ಯಾಲ ಮೈ ತೊಳೀಬೇಕಲಾ. ಆ ಬಾವಿ ನೀರಿಲೆ ಬ್ಯಾಡ ಅಂದ್ಲು ನಮ್ಮವ್ವ. ನಾ ಕೊಡಾ ತಗೊಂಡ ನಿಮ್ಮ ಮುಂಬಾಗಿಲಿಗೆ ಬಂದ್ನಿ. ಕಸ್ತೂರಿ, ಒಂದ ಕೊಡಾ ನಳದ ನೀರ ಕೊಡು ಅಂದ್ನಿ. ನೀ ಅವ್ವನ್ನ ಕೇಳಿ ಬರ್ತೇನಂತ ಒಳಗ ಹೋದಿ. ಬರಲೇ ಇಲ್ಲ."

ಅವಳು ಯಾವಾಗ 'ನೀವು' ಬಿಟ್ಟು 'ನೀ' ಎನ್ನತೊಡಗಿದಳೋ ಗಮನಿಸಲಿಲ್ಲ. ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಆ ಮಧ್ಯಾಹ್ನದ ಉಳಿದದ್ದೆಲ್ಲ ಕಣ್ಣ ಮುಂದಿತ್ತು. ಟೆಂಪೋದ ಬಣ್ಣ, ಕಂಬಕ್ಕೆ ಒರಗಿದ ಅಪ್ಪ, ಆಯಿಯ ಸಣ್ಣ ದನಿ. ಇದು ಮಾತ್ರ ಇರಲಿಲ್ಲ. ಅವ್ವನನ್ನು ಕೇಳಿದೆನೇ, ಅವ್ವ ಬೇಡ ಎಂದಳೇ, ನಾನು ಕೇಳಲೇ ಇಲ್ಲವೇ? ಈಗ ಅವ್ವನೂ ಇಲ್ಲ.

"ನನಗ ನೆನಪಿಲ್ಲ ಮಾದೇವಿ," ಎಂದೆ.

"ಇರಲಿಕ್ಕಿಲ್ಲ," ಎಂದಳು. "ಕೊಡಾ ಹಿಡಕೊಂಡ ನಿಂತಾಕಿ ನಾ."